ಇಂಗ್ಲಿಷ್ ವಾಕ್ಯದಲ್ಲಿ ಯಾವ ಪದಕ್ಕೆ ಯಾವ ಕೆಲಸ?

ಕಾಣಕೋಣ: "ದ ಬುಲ್ ಚೇಸ್ಡ್ ದ ಕಂಡಕ್ಟರ್." ಅಂದರೆ ಹೋರಿ ಕಂಡಕ್ಟರನನ್ನು ಅಟ್ಟಿಸಿಕೊಂಡು ಹೋಯಿತು. ಇದೇ ವಾಕ್ಯದಲ್ಲಿ ಎರಡು ಪದಗಳನ್ನು ಅದಲು ಬದಲು ಮಾಡಿದರೆ "ದ ಕಂಡಕ್ಟರ್ ಚೇಸ್ಡ್ ದ ಬುಲ್" ಎಂದಾಗುತ್ತದೆ. ಈಗ ಜೀವ ಉಳಿಸಿಕೊಳ್ಳಲು ಓಡುವ ಸರದಿ ಹೋರಿಯದು. ಯಾವ ಪದದಲ್ಲೂ ಒಂದು ಅಕ್ಷರ ಬದಲಾಗಿಲ್ಲ, ಕುಳಿತ ಜಾಗ ಮಾತ್ರ ಬದಲಾಗಿದೆ.

ಕನ್ನಡದಲ್ಲಿ ಹೀಗಾಗುವುದಿಲ್ಲ. "ಹೋರಿ ಕಂಡಕ್ಟರನನ್ನು ಅಟ್ಟಿಸಿಕೊಂಡು ಹೋಯಿತು" ಎನ್ನಿ, "ಕಂಡಕ್ಟರನನ್ನು ಹೋರಿ ಅಟ್ಟಿಸಿಕೊಂಡು ಹೋಯಿತು" ಎನ್ನಿ, ಓಡಿದವನು ಕಂಡಕ್ಟರನೇ. ಪದದ ಬಾಲಕ್ಕೆ ಅಂಟಿದ "ಅನ್ನು" ಆ ಪದದ ಕೆಲಸವನ್ನು ಹೇಳಿಬಿಡುತ್ತದೆ. ಕೊಂಕಣಿಯಲ್ಲೂ ಅಷ್ಟೆ. "ಕಂಡಕ್ಟರಾಕ್" ಎಂದ ಮೇಲೆ ಆ ಪದ ವಾಕ್ಯದ ತಲೆಯಲ್ಲಿರಲಿ, ನಡುವಿನಲ್ಲಿರಲಿ, ಗೊಂದಲವಿಲ್ಲ.

ಕಾಣಕೋಣದಿಂದ ಪೋಳೆಂ ದಾಟಿ ಮಾಜಾಳಿ, ಸದಾಶಿವಗಡ, ಕಾರವಾರದವರೆಗಿನ ಊರುಗಳಲ್ಲಿ ಮನೆಮಾತು ಕೊಂಕಣಿಯೋ ಕನ್ನಡವೋ ಆಗಿರುವವರಿಗೆ ಇಂಗ್ಲಿಷ್ ವ್ಯಾಕರಣ ತೊಡಕಾಗುವುದು ಇಲ್ಲಿಯೇ. ಕೊಂಕಣಿ ಆರ್ಯ ಭಾಷಾ ಕುಟುಂಬದ್ದು, ಕನ್ನಡ ದ್ರಾವಿಡ ಕುಟುಂಬದ್ದು. ಆದರೂ ಎರಡೂ ಭಾಷೆಗಳು ಪದದ ಕೆಲಸವನ್ನು ಬಾಲದಲ್ಲಿ ಹೊತ್ತು ತಿರುಗುತ್ತವೆ. ಇಂಗ್ಲಿಷಿನಲ್ಲಿ ಕೆಲಸವನ್ನು ಹೇಳುವುದು ಬಹುಪಾಲು ಜಾಗ. ಗೋವಾದಲ್ಲಿ ಪ್ರಾಥಮಿಕ ಶಾಲೆಯನ್ನು ಕೊಂಕಣಿ ಅಥವಾ ಮರಾಠಿಯಲ್ಲಿ ಓದಿದ ಮಗು ಐದನೇ ತರಗತಿಯ ಹೊತ್ತಿಗೆ ಸಾಮಾನ್ಯವಾಗಿ ಇಂಗ್ಲಿಷ್ ಮಾಧ್ಯಮಕ್ಕೆ ಬೀಳುತ್ತದೆ. ಗಡಿಯ ಆಚೆ ಕನ್ನಡ ಮಾಧ್ಯಮದ ಮಗುವಿಗೆ ಇಂಗ್ಲಿಷ್ ಒಂದು ವಿಷಯವಾಗಿ ಬರುತ್ತದೆ. ಪರೀಕ್ಷೆಯಲ್ಲಿ "ಗೆರೆ ಎಳೆದ ಪದದ ಕೆಲಸ ಗುರುತಿಸಿ" ಎಂಬ ಪ್ರಶ್ನೆ ಎರಡೂ ಕಡೆ ಕಾಡುತ್ತದೆ. ಅಂಕದ ಮಾತು ಹಾಗಿರಲಿ, ಬಾಡಿಗೆ ಕರಾರು, ಬ್ಯಾಂಕಿನ ಪತ್ರ, ಕಚೇರಿಯ ನೋಟಿಸು ಓದುವಾಗ ಯಾರು ಯಾರಿಗೆ ಕೊಡಬೇಕು ಎಂಬುದು ತಿರುಗುಮುರುಗಾದರೆ ನಷ್ಟ ಅಂಕಕ್ಕಿಂತ ದೊಡ್ಡದು.

ಪದದ ಜಾತಿ ಬೇರೆ, ಕೆಲಸ ಬೇರೆ

ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಇದು. ನಾಮಪದ, ಕ್ರಿಯಾಪದ, ವಿಶೇಷಣ ಇವೆಲ್ಲ ಪದದ ಜಾತಿ. ಸಬ್ಜೆಕ್ಟ್, ಆಬ್ಜೆಕ್ಟ್, ಕಾಂಪ್ಲಿಮೆಂಟ್, ಅಡ್ವರ್ಬಿಯಲ್ ಇವು ಪದ ಆ ವಾಕ್ಯದಲ್ಲಿ ಮಾಡುವ ಕೆಲಸ. ಒಬ್ಬನೇ ಮನುಷ್ಯ ಮನೆಯಲ್ಲಿ ಅಪ್ಪ, ಶಾಲೆಯಲ್ಲಿ ಮಾಸ್ತರ, ಬಸ್ಸಿನಲ್ಲಿ ಪ್ರಯಾಣಿಕ ಆಗುವ ಹಾಗೆ.

"ಫಿಶ್" ಎಂಬ ಪದವನ್ನೇ ತೆಗೆದುಕೊಳ್ಳಿ. "ಫಿಶ್ ಈಸ್ ಕಾಸ್ಟ್ಲಿ ಟುಡೇ" ಎಂಬಲ್ಲಿ ಅದು ಸಬ್ಜೆಕ್ಟ್. "ಶೀ ಬಾಟ್ ಫಿಶ್" ಎಂಬಲ್ಲಿ ಆಬ್ಜೆಕ್ಟ್. "ದ ಫಿಶ್ ಮಾರ್ಕೆಟ್ ಈಸ್ ಕ್ಲೋಸ್ಡ್" ಎಂಬಲ್ಲಿ ಮಾರ್ಕೆಟ್ ಯಾವುದು ಎಂದು ತಿಳಿಸುವ ಮಾಡಿಫೈಯರ್. "ದೇ ಫಿಶ್ ಅಟ್ ನೈಟ್" ಎಂಬಲ್ಲಿ ಕ್ರಿಯಾಪದ. ಕನ್ನಡದ "ಮೀನು" ತಾನೇ ಕ್ರಿಯಾಪದವಾಗಲಾರದು, ಅದಕ್ಕೆ "ಹಿಡಿ" ಬೇಕು. ಹಾಗಾಗಿ ಪದಕೋಶ ನೋಡಿ ಪದದ ಕೆಲಸ ಹೇಳುತ್ತೇನೆ ಎಂದು ಹೊರಟವನು ಇಂಗ್ಲಿಷಿನಲ್ಲಿ ಅರ್ಧ ದಾರಿಯಲ್ಲೇ ನಿಲ್ಲಬೇಕಾಗುತ್ತದೆ.

ಮೊದಲು ಕ್ರಿಯಾಪದ, ಆಮೇಲೆ ಉಳಿದದ್ದು

ಯಾವ ವಾಕ್ಯವಾದರೂ ಮೊದಲು ಕ್ರಿಯಾಪದವನ್ನು ಹಿಡಿಯಬೇಕು. ಅದಕ್ಕೆ "ಯಾರು" ಅಥವಾ "ಯಾವುದು" ಎಂದು ಪ್ರಶ್ನೆ ಹಾಕಿದರೆ ಸಬ್ಜೆಕ್ಟ್ ಸಿಗುತ್ತದೆ. ಇಷ್ಟು ಎಲ್ಲ ಗೈಡುಗಳಲ್ಲೂ ಇದೆ. ಗೈಡುಗಳು ಒತ್ತಿ ಹೇಳದ ಮಾತು ಏನೆಂದರೆ, ಉತ್ತರವಾಗಿ ಬರುವುದು ಒಂದು ಪದವಲ್ಲ, ಒಂದು ಪದಗುಚ್ಛ.

"ದ ಓಲ್ಡ್ ಬ್ರಿಜ್ ಅಕ್ರಾಸ್ ದ ಕಾಳಿ ಕೊಲಾಪ್ಸ್ಡ್ ಇನ್ ಆಗಸ್ಟ್ 2024." ಕಾರವಾರ ಮತ್ತು ಸದಾಶಿವಗಡದ ನಡುವಿನ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿಯ ಹೊತ್ತಿಗೆ ಕುಸಿದದ್ದು ಈ ಭಾಗದವರಿಗೆ ಗೊತ್ತೇ ಇದೆ. ಇಲ್ಲಿ ಕ್ರಿಯಾಪದ "ಕೊಲಾಪ್ಸ್ಡ್". ಅದರ ಪಕ್ಕದಲ್ಲೇ "ಕಾಳಿ" ಕುಳಿತಿದೆ. ಆದರೆ ಕುಸಿದದ್ದು ನದಿಯಲ್ಲ. ಪರೀಕ್ಷಿಸುವ ದಾರಿ ಸುಲಭ. ಗುಚ್ಛವನ್ನು ಪೂರ್ತಿ ಎತ್ತಿ ಆ ಜಾಗದಲ್ಲಿ "ಇಟ್" ಇಟ್ಟು ನೋಡಿ. "ಇಟ್ ಕೊಲಾಪ್ಸ್ಡ್ ಇನ್ ಆಗಸ್ಟ್ 2024" ಸರಿಯಾಗಿ ನಿಲ್ಲುತ್ತದೆ. "ಇಟ್" ನುಂಗಿದ್ದು "ದ ಓಲ್ಡ್ ಬ್ರಿಜ್ ಅಕ್ರಾಸ್ ದ ಕಾಳಿ" ಎಂಬ ಇಡೀ ಗುಚ್ಛವನ್ನು. ಆದ್ದರಿಂದ ಅದಿಷ್ಟೂ ಸಬ್ಜೆಕ್ಟ್, "ಬ್ರಿಜ್" ಅದರ ಯಜಮಾನ, ಉಳಿದವು ಯಜಮಾನನ ಪರಿವಾರ.

ಯಜಮಾನ ಯಾರೆಂದು ತಿಳಿದವನಿಗೆ ಇನ್ನೊಂದು ಹಳೆಯ ತಪ್ಪೂ ತಪ್ಪುತ್ತದೆ. "ದ ಲಿಸ್ಟ್ ಆಫ್ ಸ್ಟೂಡೆಂಟ್ಸ್" ಎಂದಾದ ಮೇಲೆ "ಆರ್" ಬರೆಯುವವರು ಬಹಳ. ಕ್ರಿಯಾಪದದ ಪಕ್ಕ ಕೂತ "ಸ್ಟೂಡೆಂಟ್ಸ್" ಬಹುವಚನವಿರಬಹುದು, ಯಜಮಾನ "ಲಿಸ್ಟ್" ಏಕವಚನ. ಆದ್ದರಿಂದ "ಈಸ್".

ಕೊಂಕಣಿ ಬಲ್ಲವರಿಗೆ ಇಲ್ಲಿ ಒಂದು ಹೆಚ್ಚಿನ ಎಚ್ಚರ ಬೇಕು. ಕನ್ನಡದಲ್ಲಿ "ಹುಡುಗ ತಂದ, ಹುಡುಗಿ ತಂದಳು" ಎಂದು ಕ್ರಿಯಾಪದ ತಂದವರಿಗೆ ಹೊಂದಿಕೊಳ್ಳುತ್ತದೆ. ಕೊಂಕಣಿಯಲ್ಲಿ ಭೂತಕಾಲಕ್ಕೆ ಬಂದರೆ ಲೆಕ್ಕ ತಿರುಗುತ್ತದೆ. "ಹಾಂವೆಂ ಆಂಬೊ ಹಾಡ್ಲೊ", ಆದರೆ "ಹಾಂವೆಂ ಭಾಕ್ರಿ ಹಾಡ್ಲಿ". ತಂದವರು ಗಂಡಸೋ ಹೆಂಗಸೋ ಕ್ರಿಯಾಪದಕ್ಕೆ ಬೇಕಿಲ್ಲ, ಅದು ಮಾವಿನ ಹಣ್ಣಿಗೆ, ಭಾಕರಿಗೆ ಹೊಂದಿಕೊಂಡಿದೆ. ಅಂದರೆ ಕ್ರಿಯಾಪದ ಯಾವುದಕ್ಕೆ ಹೊಂದುತ್ತದೋ ಅದೇ ಸಬ್ಜೆಕ್ಟ್ ಎಂಬ ಇಂಗ್ಲಿಷ್ ಗೈಡಿನ ಸೂತ್ರವನ್ನು ಮನೆಯ ಕೊಂಕಣಿಗೆ ಹಚ್ಚಿ ಅಭ್ಯಾಸ ಮಾಡಿದರೆ ಉತ್ತರ ಉಲ್ಟಾ ಬರುತ್ತದೆ. ತಪ್ಪು ಕೊಂಕಣಿಯದೂ ಅಲ್ಲ, ಇಂಗ್ಲಿಷಿನದೂ ಅಲ್ಲ.

ಸಬ್ಜೆಕ್ಟ್ ಎಂದರೆ ಕರ್ತೃವೇ?

ಶಾಲೆಯಲ್ಲಿ ಸಬ್ಜೆಕ್ಟಿಗೆ "ಕರ್ತೃ" ಎಂದು ಹೇಳಿಕೊಡುವುದು ರೂಢಿ. ಕರ್ತೃ ಎಂದರೆ ಮಾಡುವವನು. ಆದರೆ ಇಂಗ್ಲಿಷಿನ ಸಬ್ಜೆಕ್ಟ್ ಒಂದು ಕುರ್ಚಿ. ಅದರಲ್ಲಿ ಮಾಡುವವನೇ ಕೂರಬೇಕೆಂದಿಲ್ಲ. "ದ ಟ್ರಕ್ ವಾಸ್ ಸ್ಟಾಪ್ಡ್ ಬೈ ದ ಪೊಲೀಸ್" ಎಂಬಲ್ಲಿ ಕುರ್ಚಿಯಲ್ಲಿರುವುದು ಟ್ರಕ್, ತಡೆದವರು ಪೊಲೀಸರು. ಕನ್ನಡದಲ್ಲಿ "ತಡೆಯಲ್ಪಟ್ಟಿತು" ಎಂಬ ರೂಪ ಪುಸ್ತಕದಲ್ಲುಂಟು, ಬಾಯಿಮಾತಿನಲ್ಲಿ "ಪೊಲೀಸರು ಟ್ರಕ್ಕನ್ನು ತಡೆದರು" ಎಂದೇ ಹೇಳುತ್ತಾರೆ. ಹಾಗಾಗಿ ಕುರ್ಚಿ ಮತ್ತು ಮಾಡುವವನು ಬೇರೆಯಾಗುವ ಅನುಭವವೇ ಕನ್ನಡದ ಮಗುವಿಗೆ ಕಡಿಮೆ.

ಆ ಕುರ್ಚಿ ಖಾಲಿ ಬಿಡುವಂತೆಯೂ ಇಲ್ಲ. "ಮಳೆ ಬರುತ್ತಿದೆ", "ಪಾವ್ಸ್ ಪಡ್ತಾ" ಎಂದರೆ ಈ ಕಡೆ ಮುಗಿಯಿತು, ಬರುವುದೂ ಬೀಳುವುದೂ ಮಳೆಯೇ. ಇಂಗ್ಲಿಷಿನವನು "ಇಟ್ ಈಸ್ ರೇನಿಂಗ್" ಎಂದು ಯಾರೂ ಅಲ್ಲದ ಒಂದು "ಇಟ್" ಅನ್ನು ತಂದು ಕೂರಿಸುತ್ತಾನೆ. "ಬಸ್ಸಿಲ್ಲ" ಎನ್ನಲು "ದೇರ್ ಈಸ್ ನೋ ಬಸ್". ಈ "ಇಟ್" ಯಾವುದು, ಈ "ದೇರ್" ಎಲ್ಲಿ ಎಂದು ಹುಡುಕುವುದು ವ್ಯರ್ಥ. ಅವು ಕುರ್ಚಿಗೆ ಹಾಕಿದ ಕರವಸ್ತ್ರ, ಅಷ್ಟೆ.

ಇನ್ನೊಂದು ಕಡೆಯಿಂದ ನೋಡಿದರೆ ಕನ್ನಡದ "ಗೆ" ಪ್ರತ್ಯಯ ಜನರನ್ನು ಚೆನ್ನಾಗಿ ಆಟವಾಡಿಸುತ್ತದೆ. "ಅವನಿಗೆ ಪುಸ್ತಕ ಕೊಟ್ಟೆ" ಎಂಬಲ್ಲಿ "ಅವನಿಗೆ" ಇಂಡೈರೆಕ್ಟ್ ಆಬ್ಜೆಕ್ಟ್. "ಆರು ಗಂಟೆಗೆ ಹೊರಟ" ಎಂಬಲ್ಲಿ ಅದೇ "ಗೆ" ಹೊತ್ತನ್ನು ಹೇಳುವ ಅಡ್ವರ್ಬಿಯಲ್. "ಕಾರವಾರಕ್ಕೆ ಹೋದ" ಎಂಬಲ್ಲಿ ಸ್ಥಳ. "ಅವನಿಗೆ ಕನ್ನಡ ಗೊತ್ತು", "ಅವನಿಗೆ ಹಸಿವಾಗಿದೆ" ಎಂಬಲ್ಲಿ ಇಂಗ್ಲಿಷಿಗೆ ಹೋದರೆ "ಹೀ ನೋಸ್ ಕನ್ನಡ", "ಹೀ ಈಸ್ ಹಂಗ್ರಿ". ಅವನು ನೇರ ಸಬ್ಜೆಕ್ಟ್ ಕುರ್ಚಿಗೇ ಬಂದು ಕೂತ. ಕೊಂಕಣಿಯ "ಮ್ಹಾಕಾ ಭುಕ್ ಲಾಗ್ಲ್ಯಾ" ಕೂಡ ಇದೇ ದಾರಿ ಹಿಡಿಯುತ್ತದೆ. "ಟು ಹಿಮ್ ಈಸ್ ಹಂಗ್ರಿ" ಎಂದು ಬರೆಯುವ ಮಗು ದಡ್ಡನಲ್ಲ, ತನ್ನ ಎರಡೂ ಭಾಷೆಗಳಿಗೆ ನಿಷ್ಠನಾಗಿದೆ.

ಕನ್ನಡದ ಹೆಸರಾಂತ ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಈ ವಿಷಯವನ್ನೇ ಹಿಡಿದು 1991ರಲ್ಲಿ ಇಂಗ್ಲಿಷಿನಲ್ಲಿ "ಗ್ರಾಮಟಿಕಲ್ ರಿಲೇಷನ್ಸ್" ಎಂಬ ಪುಸ್ತಕ ಪ್ರಕಟಿಸಿದರು. ಸಬ್ಜೆಕ್ಟ್, ಆಬ್ಜೆಕ್ಟ್ ಎಂಬ ಸಂಬಂಧಗಳು ಎಲ್ಲ ಭಾಷೆಗಳಿಗೂ ಬೇಕೇ ಬೇಕು ಎಂಬ ನಂಬಿಕೆಯನ್ನು ಅವರು ಅಲ್ಲಿ ಅಲ್ಲಗಳೆದರು. ಯಾರು ಏನು ಮಾಡಿದರು ಎಂಬುದನ್ನೂ, ಮಾತು ಯಾವುದರ ಬಗ್ಗೆ ನಡೆದಿದೆ ಎಂಬುದನ್ನೂ ಇಂಗ್ಲಿಷ್ ಒಂದೇ ಕುರ್ಚಿಗೆ ತುಂಬುತ್ತದೆ. ಕನ್ನಡ ಮೊದಲನೆಯದನ್ನು ಪ್ರತ್ಯಯದಿಂದ, ಎರಡನೆಯದನ್ನು ಪದಗಳ ಅನುಕ್ರಮದಿಂದ ಬೇರೆಬೇರೆಯಾಗಿಯೇ ಹೇಳುತ್ತದೆ ಎಂಬುದು ಅವರ ವಾದದ ತಿರುಳು. ಎಲ್ಲ ವಿದ್ವಾಂಸರೂ ಇದನ್ನು ಒಪ್ಪಿಲ್ಲ. ಆದರೆ ಇಂಗ್ಲಿಷ್ ವಾಕ್ಯ ಬಿಡಿಸಲು ಕೂತ ಕನ್ನಡಿಗನಿಗೆ ಈ ಮಾತು ದಾರಿದೀಪ. ಇಂಗ್ಲಿಷಿನ ಸಬ್ಜೆಕ್ಟನ್ನು ಕನ್ನಡದಲ್ಲಿ ಹುಡುಕಬೇಕಾಗಿಲ್ಲ, ಇಂಗ್ಲಿಷಿನಲ್ಲೇ ಹುಡುಕಬೇಕು.

ಅಂದ ಹಾಗೆ, ಒಂದು ಭಾಷೆಯ ಅಚ್ಚಿನಲ್ಲಿ ಇನ್ನೊಂದನ್ನು ಎರಕ ಹೊಯ್ಯುವ ಕೆಲಸ ಈ ಕರಾವಳಿಗೆ ಹೊಸದಲ್ಲ. ಇಂಗ್ಲೆಂಡಿನಿಂದ 1579ರಲ್ಲಿ ಗೋವಾಕ್ಕೆ ಬಂದ ಪಾದ್ರಿ ಥಾಮಸ್ ಸ್ಟೀಫನ್ಸ್ ಕೊಂಕಣಿಗೆ ಒಂದು ವ್ಯಾಕರಣ ಬರೆದ. ಬರೆದದ್ದು ಪೋರ್ಚುಗೀಸಿನಲ್ಲಿ, ಚೌಕಟ್ಟು ಲ್ಯಾಟಿನ್ನಿನದು. ಅವನು ತೀರಿಕೊಂಡ ಮೇಲೆ, 1640ರಲ್ಲಿ, ಸಾಸಷ್ಟಿಯ ರಾಯತೂರಿನಲ್ಲಿ ಅದು ಅಚ್ಚಾಯಿತು. ಹೆಸರಿನಲ್ಲಿರುವ "ಕಾನಾರಿಂ" ಎಂಬ ಪದ ನೋಡಿ ಕನ್ನಡದ್ದೆಂದು ತಿಳಿಯುವವರಿದ್ದಾರೆ. ಆಗಿನ ಪೋರ್ಚುಗೀಸರು ಕೊಂಕಣಿಗೇ ಹಾಗೆ ಹೇಳುತ್ತಿದ್ದರು. ಅದಕ್ಕೂ ಮೊದಲೇ 1604ರಲ್ಲಿ ಭಟ್ಕಳ ಬಳಿಯ ಹಾಡುವಳ್ಳಿಯ ಭಟ್ಟಾಕಳಂಕ ಕನ್ನಡಕ್ಕೆ "ಶಬ್ದಾನುಶಾಸನ" ಬರೆದದ್ದು ಸಂಸ್ಕೃತ ಸೂತ್ರಗಳಲ್ಲಿ. ಶಾಲೆಯಲ್ಲಿ ಇಂದಿಗೂ ಬಾಯಿಪಾಠ ಮಾಡಿಸುವ ಪಂಚಮಿಯ "ದೆಸೆಯಿಂದ" ಯಾವ ಊರಿನ ಸಂತೆಯಲ್ಲೂ ಕೇಳಿಸುವುದಿಲ್ಲ. ಅದು ಸಂಸ್ಕೃತದ ಏಳು ಮನೆಗಳನ್ನು ತುಂಬಲು ಉಳಿದುಕೊಂಡದ್ದು.

ಆಬ್ಜೆಕ್ಟೋ, ಕಾಂಪ್ಲಿಮೆಂಟೋ?

"ಶೀ ಮೆಟ್ ಎ ಟೀಚರ್" ಮತ್ತು "ಶೀ ಬಿಕೇಮ್ ಎ ಟೀಚರ್". ನೋಡಲು ಅವಳಿಜವಳಿ. ಮೊದಲನೆಯದರಲ್ಲಿ ಇಬ್ಬರಿದ್ದಾರೆ, ಎರಡನೆಯದರಲ್ಲಿ ಒಬ್ಬಳೇ. ಇಬ್ಬರಿದ್ದರೆ "ಟೀಚರ್" ಆಬ್ಜೆಕ್ಟ್. ಒಬ್ಬಳೇ ಆದರೆ ಕಾಂಪ್ಲಿಮೆಂಟ್, ಅಂದರೆ ಪೂರಕ. ಕನ್ನಡ ಇಲ್ಲಿ ಒಳ್ಳೆಯ ಸಾಕ್ಷಿ ಹೇಳುತ್ತದೆ: "ಟೀಚರನ್ನು ಭೇಟಿಯಾದಳು", "ಟೀಚರ್ ಆದಳು". ಸಂಶಯ ಬಂದರೆ ವಾಕ್ಯವನ್ನು ಕರ್ಮಣಿಗೆ ತಿರುಗಿಸಿ. "ಎ ಟೀಚರ್ ವಾಸ್ ಮೆಟ್ ಬೈ ಹರ್" ಹೇಗೋ ನಿಲ್ಲುತ್ತದೆ, "ಎ ಟೀಚರ್ ವಾಸ್ ಬಿಕಮ್ ಬೈ ಹರ್" ನಿಲ್ಲುವುದೇ ಇಲ್ಲ. "ಈಸ್", "ವಾಸ್", "ಬಿಕಮ್", "ಸೀಮ್" ಮುಂತಾದವುಗಳ ಮುಂದೆ ಬರುವ ನಾಮಪದ, ವಿಶೇಷಣ ಸಾಮಾನ್ಯವಾಗಿ ಕಾಂಪ್ಲಿಮೆಂಟೇ. "ಇದು ಪೋಳೆಂ" ಎಂದು ಕ್ರಿಯಾಪದವೇ ಇಲ್ಲದೆ ಹೇಳಿ ರೂಢಿಯಾದವರು ಇಂಗ್ಲಿಷಿನ "ಈಸ್" ಬಿಟ್ಟುಬಿಡುವುದೂ ಇಲ್ಲೇ.

ಯಾರಿಗೆ ಕೊಟ್ಟದ್ದು, ಯಾರು ಕೊಟ್ಟದ್ದು?

"ದ ಟೆನೆಂಟ್ ಪೇಡ್ ದ ಓನರ್ ದ ಡಿಪಾಸಿಟ್." ಕ್ರಿಯಾಪದದ ಹಿಂದೆ ಎರಡು ಗುಚ್ಛಗಳಿವೆ. ಇಂತಲ್ಲಿ ಮೊದಲು ಬರುವುದು ಪಡೆದವನು, ಅಂದರೆ ಇಂಡೈರೆಕ್ಟ್ ಆಬ್ಜೆಕ್ಟ್. ಆಮೇಲೆ ಬರುವುದು ಕೊಟ್ಟ ವಸ್ತು, ಡೈರೆಕ್ಟ್ ಆಬ್ಜೆಕ್ಟ್. ಖಚಿತ ಮಾಡಿಕೊಳ್ಳಲು ಪಡೆದವನನ್ನು ಕೊನೆಗೆ ಒಯ್ದು ಮುಂದೆ "ಟು" ಸೇರಿಸಿ: "ಪೇಡ್ ದ ಡಿಪಾಸಿಟ್ ಟು ದ ಓನರ್". ಅರ್ಥ ಬದಲಾಗದಿದ್ದರೆ ಗುರುತು ಸರಿ.

ಕಾಗದಪತ್ರಗಳಲ್ಲಿ ನಿಜವಾಗಿ ಮೋಸ ಹೋಗುವುದು ಇದು ಕರ್ಮಣಿಗೆ ತಿರುಗಿದಾಗ. "ದ ಓನರ್ ಶಲ್ ಪೇ ದ ಡಿಪಾಸಿಟ್" ಎಂದರೆ ಮಾಲೀಕ ಕೊಡಬೇಕು. "ದ ಓನರ್ ಶಲ್ ಬಿ ಪೇಡ್ ದ ಡಿಪಾಸಿಟ್" ಎಂದರೆ ಮಾಲೀಕನಿಗೆ ಸಿಗಬೇಕು. ನಡುವೆ ಇರುವುದು ಒಂದು ಸಣ್ಣ "ಬಿ" ಮತ್ತು ಕ್ರಿಯಾಪದದ ರೂಪ. ಮಾಲೀಕ ಎರಡೂ ಕಡೆ ಸಬ್ಜೆಕ್ಟ್ ಕುರ್ಚಿಯಲ್ಲೇ ಇದ್ದಾನೆ. ಸಬ್ಜೆಕ್ಟ್ ಎಂದರೆ ಮಾಡುವವನು ಎಂದು ಕಲಿತವನು ಎರಡಕ್ಕೂ ಒಂದೇ ಅರ್ಥ ಹಚ್ಚಿ ಸಹಿ ಹಾಕುವ ಅಪಾಯವಿದೆ. ಇಂಗ್ಲಿಷ್ ಕರಾರು ಓದುವಾಗ "ಬಿ", "ಬೀನ್", "ವಾಸ್", "ವೇರ್" ಕಂಡಲ್ಲಿ ಬೆರಳಿಟ್ಟು ಎರಡನೆಯ ಸಲ ಓದುವುದು ಒಳಿತು.

ಪ್ರಿಪೋಸಿಷನ್ ಗುಚ್ಛ ಯಾರ ಬಾಲ?

"ಅಟ್", "ಇನ್", "ಫ್ರಮ್", "ವಿತ್" ಮುಂತಾದವುಗಳಿಂದ ಶುರುವಾಗುವ ಗುಚ್ಛಗಳು ಎರಡು ಕೆಲಸ ಮಾಡಬಲ್ಲವು. ಒಂದೋ ನಾಮಪದಕ್ಕೆ ಅಂಟಿಕೊಂಡು ವಿಶೇಷಣವಾಗುತ್ತವೆ, ಇಲ್ಲವೇ ಕ್ರಿಯಾಪದಕ್ಕೆ ಸೇರಿ ಅಡ್ವರ್ಬಿಯಲ್ ಆಗುತ್ತವೆ. "ದ ಪೊಲೀಸ್ ಸ್ಟಾಪ್ಡ್ ದ ಟ್ರಕ್ ಫ್ರಮ್ ಕಾರವಾರ", "ದ ಪೊಲೀಸ್ ಸ್ಟಾಪ್ಡ್ ದ ಟ್ರಕ್ ಅಟ್ ಪೋಳೆಂ". ಎರಡನೆಯದರಲ್ಲಿ "ಅಟ್ ಪೋಳೆಂ" ಅನ್ನು ವಾಕ್ಯದ ಮುಂದಕ್ಕೆ ತಂದರೂ ಅರ್ಥ ಹಾಗೇ ಉಳಿಯುತ್ತದೆ, ಆದ್ದರಿಂದ ಅಡ್ವರ್ಬಿಯಲ್. ಮೊದಲನೆಯದರಲ್ಲಿ "ಫ್ರಮ್ ಕಾರವಾರ" ಮುಂದೆ ಬಂದರೆ ಪೊಲೀಸರೇ ಕಾರವಾರದಿಂದ ಕೈಚಾಚಿ ಟ್ರಕ್ ತಡೆದಂತಾಗುತ್ತದೆ. ಅದು ಟ್ರಕ್ಕಿಗೆ ಅಂಟಿದ ವಿಶೇಷಣ. ಕನ್ನಡಕ್ಕೆ ತಿರುಗಿಸಿಯೂ ನೋಡಬಹುದು. "ಕಾರವಾರದ ಟ್ರಕ್" ಎಂದು ನಾಮಪದದ ಹಿಂದೆ ಬಂದರೆ ವಿಶೇಷಣ, "ಪೋಳೆಂನಲ್ಲಿ ತಡೆದರು" ಎಂದು ಕ್ರಿಯಾಪದದ ಕಡೆ ವಾಲಿದರೆ ಅಡ್ವರ್ಬಿಯಲ್.

ಕೆಲವು ವಾಕ್ಯಗಳು ಎರಡೂ ಕಡೆ ವಾಲುತ್ತವೆ. "ದ ಗಾರ್ಡ್ ಸಾ ದ ಮ್ಯಾನ್ ವಿತ್ ಎ ಟಾರ್ಚ್." ಕೊತಿಗಾಂವ ಕಾಡಿನಲ್ಲಿ ಟಾರ್ಚ್ ಯಾರ ಕೈಯಲ್ಲಿತ್ತು? ವ್ಯಾಕರಣ ಉತ್ತರ ಹೇಳದು, ಎರಡೂ ಸಾಧ್ಯ. ಕನ್ನಡದಲ್ಲಿ "ಟಾರ್ಚ್ ಹಿಡಿದಿದ್ದ ಮನುಷ್ಯ" ಅಥವಾ "ಟಾರ್ಚಿನ ಬೆಳಕಿನಲ್ಲಿ ಕಂಡ" ಎಂದು ಒಂದನ್ನು ಆರಿಸಲೇಬೇಕು.

ನಗುವ ವಿಷಯವಾಗಿ ಉಳಿಯದ ಉದಾಹರಣೆಯೂ ಇದೆ. ಗೋವಾದಲ್ಲಿ 15 ವರ್ಷದ ವಾಸದ ದಾಖಲೆ ಮಾಮಲೇದಾರರ ಕಚೇರಿಯಿಂದ ಬೇಕಾಗುತ್ತದೆ. ಅಂಥ ಅರ್ಜಿಯ ಜೊತೆ ಹೀಗೊಂದು ಹೇಳಿಕೆ ಹೋಯಿತೆಂದು ಇಟ್ಟುಕೊಳ್ಳಿ: "ದ ವಿಟ್ನೆಸ್ ಸೆಡ್ ಇನ್ 2010 ದ ಅಪ್ಲಿಕೆಂಟ್ ಲಿವ್ಡ್ ಇನ್ ಚಾವಡಿ." "ಇನ್ 2010" ಯಾವ ಕ್ರಿಯಾಪದದ ಅಡ್ವರ್ಬಿಯಲ್? ಸಾಕ್ಷಿ ಹೇಳಿದ್ದು 2010ರಲ್ಲಿಯೋ, ಅರ್ಜಿದಾರ ಚಾವಡಿಯಲ್ಲಿ ಇದ್ದದ್ದು 2010ರಲ್ಲಿಯೋ? "ಸೆಡ್" ಆದ ಕೂಡಲೇ "ದಟ್" ಹಾಕಿದರೆ ವರ್ಷ ವಾಸಕ್ಕೆ ಸೇರುತ್ತದೆ. "2010" ಆದ ಮೇಲೆ "ದಟ್" ಹಾಕಿದರೆ ವರ್ಷ ಹೇಳಿಕೆಗೆ ಸೇರುತ್ತದೆ. ಬರೆದುಕೊಡುವವರು ಈ ಒಂದು ಪದ ಉಳಿಸಲು ಹೋಗಬಾರದು.

ಪೂರ್ತಿ ಉಪವಾಕ್ಯಗಳೂ ಇದೇ ಕುರ್ಚಿಗಳಲ್ಲಿ ಕೂರುತ್ತವೆ. "ಐ ನೋ ವೇರ್ ಹೀ ಲಿವ್ಸ್" ಎಂಬಲ್ಲಿ "ವೇರ್ ಹೀ ಲಿವ್ಸ್" ಆಬ್ಜೆಕ್ಟ್, ಆ ಜಾಗದಲ್ಲಿ "ಇಟ್" ಇಟ್ಟರೆ ತಿಳಿಯುತ್ತದೆ. "ಸ್ವಿಮ್ಮಿಂಗ್ ಈಸ್ ಡೇಂಜರಸ್ ಇನ್ ಜುಲೈ" ಎಂಬಲ್ಲಿ "ಸ್ವಿಮ್ಮಿಂಗ್" ಸಬ್ಜೆಕ್ಟ್, "ಹೀ ಈಸ್ ಸ್ವಿಮ್ಮಿಂಗ್" ಎಂಬಲ್ಲಿ ಕ್ರಿಯಾಪದದ ಭಾಗ. ಕನ್ನಡದ "ಈಜುವುದು", "ಈಜುತ್ತಿದ್ದಾನೆ" ಎರಡನ್ನೂ ನೆನೆದರೆ ಸಾಕು.

ಒಂದು ವಾಕ್ಯ, ಪೂರ್ತಿ ಬಿಡಿಸಿದಾಗ

"ಲಾಸ್ಟ್ ನೈಟ್ ಹೆವಿ ರೇನ್ ಮೇಡ್ ದ ನ್ಯಾರೋ ರೋಡ್ ನಿಯರ್ ಲೋಲಿಯೆಂ ಅನ್‌ಸೇಫ್ ಫಾರ್ ಸ್ಕೂಟರ್ಸ್."

ಕ್ರಿಯಾಪದ "ಮೇಡ್". ಮಾಡಿದ್ದು ಯಾವುದು? "ಹೆವಿ ರೇನ್". ಅದು ಸಬ್ಜೆಕ್ಟ್, "ಹೆವಿ" ಅದರೊಳಗಿನ ಮಾಡಿಫೈಯರ್. ವಾಕ್ಯದ ತಲೆಯಲ್ಲಿ ಕೂತ "ಲಾಸ್ಟ್ ನೈಟ್" ನಾಮಪದದ ಗುಚ್ಛದಂತೆ ಕಂಡರೂ ಸಬ್ಜೆಕ್ಟ್ ಅಲ್ಲ. ಅದನ್ನು ಕೊನೆಗೆ ಕಳಿಸಿದರೂ, ಪೂರ್ತಿ ತೆಗೆದರೂ ವಾಕ್ಯ ನಿಲ್ಲುತ್ತದೆ, ಹಾಗಾಗಿ ಕಾಲ ಹೇಳುವ ಅಡ್ವರ್ಬಿಯಲ್. "ಮೇಡ್" ಆದ ಮೇಲಿನ ಭಾಗಕ್ಕೆ "ಇಟ್" ಪರೀಕ್ಷೆ ಮಾಡಿದರೆ "ಹೆವಿ ರೇನ್ ಮೇಡ್ ಇಟ್ ಅನ್‌ಸೇಫ್" ಎಂದು ಸಿಗುತ್ತದೆ. ಅಂದರೆ "ದ ನ್ಯಾರೋ ರೋಡ್ ನಿಯರ್ ಲೋಲಿಯೆಂ" ಇಡಿಯಾಗಿ ಆಬ್ಜೆಕ್ಟ್, ಅದರೊಳಗಿನ "ನಿಯರ್ ಲೋಲಿಯೆಂ" ರಸ್ತೆಗೆ ಅಂಟಿದ ವಿಶೇಷಣ.

ಉಳಿದದ್ದು "ಅನ್‌ಸೇಫ್ ಫಾರ್ ಸ್ಕೂಟರ್ಸ್". ಇಲ್ಲಿ ಕನ್ನಡಿಗರು ಎಡವುತ್ತಾರೆ. ಕನ್ನಡದಲ್ಲಿ ಇದು "ಅಪಾಯಕಾರಿಯಾಗಿ ಮಾಡಿತು" ಎಂದಾಗುತ್ತದೆ. "ಬೇಗವಾಗಿ ಓಡಿದ" ಎಂಬಲ್ಲಿಯ "ಆಗಿ" ಕ್ರಿಯೆ ಹೇಗೆ ನಡೆಯಿತೆಂದು ಹೇಳುವಂಥದ್ದು, ಇಲ್ಲಿಯ "ಆಗಿ" ವಸ್ತು ಏನಾಯಿತೆಂದು ಹೇಳುವಂಥದ್ದು. ಬಾಲ ಒಂದೇ, ಕೆಲಸ ಎರಡು. ಬಾಲವನ್ನು ನಂಬಿದವರು ಇದನ್ನು ಅಡ್ವರ್ಬಿಯಲ್ ಎಂದು ಬರೆಯುತ್ತಾರೆ, ಇನ್ನು ಕೆಲವರು "ಮೇಡ್ ದ ರೋಡ್ ಅನ್‌ಸೇಫ್ಲಿ" ಎಂದು ವಾಕ್ಯವನ್ನೇ ತಿದ್ದಿಬಿಡುತ್ತಾರೆ. ಆದರೆ ಅಪಾಯಕಾರಿಯಾದದ್ದು ರಸ್ತೆ. ರಸ್ತೆ ಇಲ್ಲಿ ಆಬ್ಜೆಕ್ಟ್. ಆದ್ದರಿಂದ ಆ ಗುಚ್ಛ ಆಬ್ಜೆಕ್ಟಿನ ಕಾಂಪ್ಲಿಮೆಂಟ್.